ಎಪಿಎಂಸಿ ಧಾರಣೆ ಮೊಬೈಲಿಗೆ ಬರುವ ಬಗೆ

ಶಿವಮೊಗ್ಗದ ಎಪಿಎಂಸಿಯಲ್ಲಿ ದಿನದ ಅಡಿಕೆ ವ್ಯಾಪಾರ ಮುಗಿದ ಮೇಲೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಒಂದೊಂದು ಬಗೆಗೂ ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ ದಾಖಲಾಗುತ್ತದೆ. ಅತಿ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದೇ ಮಾದರಿ ಬೆಲೆ. ಈ ಅಂಕಿಗಳು ಬೆಳೆಗಾರರ ಮೊಬೈಲಿಗೂ ಪತ್ರಿಕೆಗಳಿಗೂ ತಲುಪುವ ದಾರಿಯಲ್ಲಿ ಎರಡು ಸಣ್ಣ ತಂತ್ರಾಂಶಗಳು ದುಡಿಯುತ್ತವೆ: ಡೇಟಾಬೇಸ್ ಕನೆಕ್ಟರ್ ಮತ್ತು ಎಪಿಐ.

ಧಾರಣೆ ಹೊತ್ತಿಗೆ ಸರಿಯಾಗಿ ತಿಳಿದರೆ ಎಷ್ಟು ಲಾಭ ಎಂಬುದಕ್ಕೆ ನೆರೆಯ ಕೇರಳದಲ್ಲೇ ಸಾಕ್ಷಿಯಿದೆ. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ ಮೊಬೈಲ್ ಬಂದಾಗ ಬೂತಾಯಿ ಮೀನಿನ ಮಾರುಕಟ್ಟೆ ಹೇಗೆ ಬದಲಾಯಿತೆಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ, 2007ರಲ್ಲಿ ಪ್ರಕಟಿಸಿದರು. ಮೀನುಗಾರರು ದಡ ಸೇರುವ ಮೊದಲೇ ಬೆಲೆ ವಿಚಾರಿಸತೊಡಗಿದ್ದರಿಂದ ಅವರ ಲಾಭ ಸರಾಸರಿ ಶೇ 8ರಷ್ಟು ಏರಿತು. ಗ್ರಾಹಕರು ತೆರುವ ಬೆಲೆ ಶೇ 4ರಷ್ಟು ಇಳಿಯಿತು. ಮಾರಾಟವಾಗದೆ ಹಾಳಾಗುತ್ತಿದ್ದ ಮೀನು ಇಲ್ಲವೆನ್ನುವಷ್ಟು ಕಡಿಮೆಯಾಯಿತು.

ಮಾರುಕಟ್ಟೆಯ ದಾಖಲೆಗಳು ಡೇಟಾಬೇಸ್‌ನಲ್ಲಿ ಕೋಷ್ಟಕಗಳಾಗಿ ಕೂತಿರುತ್ತವೆ. ಹೀಗೆ ಸಾಲು, ಕಂಬಸಾಲುಗಳಲ್ಲಿ ಮಾಹಿತಿ ಜೋಡಿಸುವ ವಿಧಾನವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟರು. ಆದರೆ ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಹೀಗೆ ಒಂದೊಂದು ಡೇಟಾಬೇಸಿನ ಒಳಮಾತೂ ಬೇರೆ. ಕನೆಕ್ಟರ್ ಇಲ್ಲಿ ದುಭಾಷಿಯಾಗುತ್ತದೆ. ಅದು ಡೇಟಾಬೇಸಿಗೆ ಲಾಗಿನ್ ಆಗಿ, ಪ್ರಶ್ನೆ ಒಪ್ಪಿಸಿ, ಬಂದ ದಿನಾಂಕ, ದಶಮಾಂಶಗಳನ್ನು ಪ್ರೋಗ್ರಾಂ ಬಳಸಬಲ್ಲ ರೂಪಕ್ಕೆ ಬದಲಿಸಿ ಕೊಡುತ್ತದೆ. 1992ರಲ್ಲಿ ಬಂದ ಒಡಿಬಿಸಿ, 1997ರಲ್ಲಿ ಬಂದ ಜೆಡಿಬಿಸಿ ಈ ಕೆಲಸಕ್ಕೆ ಏಕರೂಪದ ನಿಯಮ ಹಾಕಿಕೊಟ್ಟವು.

ಕನೆಕ್ಟರ್‌ನ ಮುಂದೆ ನಿಲ್ಲುವುದು ಎಪಿಐ. ಇದು ಒಂದು ವೆಬ್ ವಿಳಾಸ. ಬ್ರೌಸರ್‌ನಲ್ಲಿ ತೆರೆಯುವ ಪುಟದಂತೆ ಇದರಲ್ಲಿ ಬಣ್ಣ, ಚಿತ್ರಗಳಿಲ್ಲ; ಮತ್ತೊಂದು ಕಂಪ್ಯೂಟರ್ ಓದಿಕೊಳ್ಳುವ ಹಾಗೆ ಬರೀ ಮಾಹಿತಿಯನ್ನು ಕೊಡುತ್ತದೆ. ‘ರಾಜ್ಯ: ಕರ್ನಾಟಕ, ಮಾರುಕಟ್ಟೆ: ಶಿವಮೊಗ್ಗ, ಉತ್ಪನ್ನ: ಅಡಿಕೆ’ ಎಂದು ವಿಳಾಸದ ಕೊನೆಗೆ ಸೇರಿಸಿ ಕೇಳಿದರೆ, ಬಗೆ, ದಿನಾಂಕ ಮತ್ತು ಮೂರೂ ಬೆಲೆಗಳು ಜೇಸನ್ ಎಂಬ ಸರಳ ಪಠ್ಯರೂಪದಲ್ಲಿ ಬರುತ್ತವೆ. ಕೇಂದ್ರ ಸರ್ಕಾರ 2000ದಲ್ಲಿ ಆರಂಭಿಸಿದ ಆಗ್‌ಮಾರ್ಕ್‌ನೆಟ್ ದೇಶದ ಮಾರುಕಟ್ಟೆಗಳ ಧಾರಣೆಯನ್ನು ಒಂದೆಡೆ ಕಲೆಹಾಕಿತು. 2012ರಲ್ಲಿ ಶುರುವಾದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣ ಅದೇ ಧಾರಣೆಯನ್ನು ಎಪಿಐ ಮೂಲಕವೂ ಕೊಡುತ್ತದೆ.

ಸಾರ್ವಜನಿಕರಿಗೆ ತೆರೆಯುವ ವಿಳಾಸಕ್ಕೆ ಕಾವಲು ಗಟ್ಟಿಯಾಗಿರಬೇಕು. ಮಾರುಕಟ್ಟೆಯ ಹೆಸರು ಬರೆಯಬೇಕಾದ ಜಾಗದಲ್ಲಿ ಕಿಡಿಗೇಡಿಯೊಬ್ಬ ‘ಕೋಷ್ಟಕ ಅಳಿಸು’ ಎಂಬ ಆದೇಶವನ್ನು ತುರುಕಬಹುದು. ಪ್ರೋಗ್ರಾಂ ಅದನ್ನು ತನ್ನ ಪ್ರಶ್ನೆಯೊಳಕ್ಕೆ ಹಾಗೇ ಅಂಟಿಸಿಕೊಂಡರೆ ದಾಖಲೆಗಳೇ ಮಾಯವಾದಾವು. ಆದ್ದರಿಂದ ಪ್ರಶ್ನೆಯ ಚೌಕಟ್ಟನ್ನು ಮೊದಲೇ ಕಟ್ಟಿಟ್ಟು, ಬಳಕೆದಾರ ಬರೆದದ್ದನ್ನು ಕೇವಲ ಮೌಲ್ಯವಾಗಿ ಕನೆಕ್ಟರ್‌ಗೆ ಒಪ್ಪಿಸಬೇಕು. ಆಗ ಡೇಟಾಬೇಸ್ ಆ ಹೆಸರಿನ ಮಾರುಕಟ್ಟೆಯನ್ನು ಹುಡುಕಿ, ಸಿಗಲಿಲ್ಲವೆಂದು ಸುಮ್ಮನಾಗುತ್ತದೆ. ಎಪಿಐ ಬಳಸುವ ಖಾತೆಗೆ ಓದುವ ಅಧಿಕಾರ ಮಾತ್ರ ಇರಬೇಕು. ಒಬ್ಬರೇ ನಿಮಿಷಕ್ಕೆ ಸಾವಿರಾರು ಸಲ ಕೇಳಿ ಸರ್ವರ್ ಕೆಡವದಂತೆ ಮಿತಿಯೂ ಬೇಕು. ದಿನದ ಧಾರಣೆ ಗಳಿಗೆಗೊಮ್ಮೆ ಬದಲಾಗುವುದಿಲ್ಲವಾದ್ದರಿಂದ, ಒಮ್ಮೆ ತೆಗೆದ ಉತ್ತರವನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡಬಹುದು.

ಇಷ್ಟೆಲ್ಲ ಸರಿಯಿದ್ದೂ ಮಾಹಿತಿ ದಾರಿ ತಪ್ಪಿಸಬಹುದು. ರಜೆಯ ದಿನ ಆವಕವೇ ಇರುವುದಿಲ್ಲ. ಆಗ ಬೆಲೆಯ ಜಾಗ ಖಾಲಿ ಇರಬೇಕು. ಅಲ್ಲಿ ಸೊನ್ನೆ ಹಾಕಿದರೆ ವಾರದ ಸರಾಸರಿ ದಿಢೀರನೆ ಕುಸಿದಂತೆ ಕಾಣುತ್ತದೆ. ಕೊಬ್ಬರಿ ಕ್ವಿಂಟಲ್ ಲೆಕ್ಕದಲ್ಲಿ ಹೋಗುತ್ತದೆ, ತೆಂಗಿನಕಾಯಿ ಎಣಿಕೆಯ ಲೆಕ್ಕದಲ್ಲೂ ಹೋಗುತ್ತದೆ. ಮಾನ ಯಾವುದೆಂದು ಹೇಳದ ಬೆಲೆಗೆ ಅರ್ಥವಿಲ್ಲ. 03-04 ಎಂದಷ್ಟೇ ಬರೆದರೆ ಅದು ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ಇಂಥ ವಿವರಗಳಲ್ಲಿ ಕಾಟಾಚಾರ ಮಾಡಿದರೆ ಅದರ ಪೆಟ್ಟು ಬೀಳುವುದು ಮಾಲು ಹೊತ್ತು ಮಾರುಕಟ್ಟೆಗೆ ಬರುವ ರೈತನಿಗೆ.

ಹಲವು ಇಲಾಖೆಗಳು ಇಂದಿಗೂ ಅಂಕಿಅಂಶಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟಗಳಲ್ಲಿ ಹಾಕಿ ಕೈತೊಳೆದುಕೊಳ್ಳುತ್ತವೆ. ಅದನ್ನು ಕಣ್ಣಿನಿಂದ ಓದಬಹುದು, ಹೋಲಿಸಲು ಆಗದು. ಜನರ ತೆರಿಗೆಯಿಂದ ಕಲೆಹಾಕಿದ ಮಾಹಿತಿ ಕಂಪ್ಯೂಟರ್ ಓದಬಲ್ಲ ರೂಪದಲ್ಲೂ ಜನರಿಗೆ ಸಿಗಲೇಬೇಕು. ಸಿಕ್ಕಿರುವುದನ್ನು ಬಳಸುವ ಹೊಣೆ ನಮ್ಮದು. ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ಹೆಸರು ನೋಂದಾಯಿಸಿದರೆ ಎಪಿಐ ಬಳಸಲು ಬೇಕಾದ ಕೀಲಿ, ಅಂದರೆ ಗುರುತಿನ ಸಂಕೇತ, ಉಚಿತವಾಗಿ ಸಿಗುತ್ತದೆ. ಕಾಲೇಜಿನ ಕಂಪ್ಯೂಟರ್ ವಿದ್ಯಾರ್ಥಿಗಳು, ರೈತ ಉತ್ಪಾದಕ ಸಂಸ್ಥೆಗಳ ಯುವಕ ಯುವತಿಯರು ಅದನ್ನು ಪಡೆದು, ತಮ್ಮೂರಿನ ಬೆಳೆಯ ಧಾರಣೆಯಿಂದಲೇ ಕೆಲಸ ಶುರುಮಾಡಲಿ.