ಮೈಯಳತೆ ಮತ್ತು ಅಪರಾಧಿಯ ಗುರುತು

ಸೊರಬ ತಾಲ್ಲೂಕಿನ ಆನವಟ್ಟಿಯು ಬ್ರಿಟಿಷರ ಕಾಲದಲ್ಲಿ ಮೈಸೂರು ಸಂಸ್ಥಾನದ ಅಂಚಿನ ಊರಾಗಿದ್ದರೆ, ಅದರ ನೆರೆಯ ಹಾನಗಲ್ಲು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಎರಡೂ ಕಡೆ ಕನ್ನಡವನ್ನೇ ಆಡುತ್ತಿದ್ದ ಈ ಸೀಮೆಯಲ್ಲಿ ಎರಡು ಸರ್ಕಾರಗಳ ಪೊಲೀಸರಿದ್ದುದರಿಂದ, ಒಂದೆಡೆ ಶಿಕ್ಷೆಯಾದವನು ಗಡಿ ದಾಟಿ ಬೇರೆ ಹೆಸರು ಹೇಳಿದರೆ ಅವನು ಅವನೇ ಎಂದು ತೋರಿಸುವುದು ಸುಲಭವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಗತ್ತಿನ ಎಲ್ಲ ಪೊಲೀಸರನ್ನೂ ಕಾಡಿದ ಈ ತೊಡಕಿಗೆ ಮೊದಲ ಶಾಸ್ತ್ರೀಯ ಪರಿಹಾರವನ್ನು ಕೊಟ್ಟವನು ಪ್ಯಾರಿಸ್ ಪೊಲೀಸ್ ಇಲಾಖೆಯ ಗುಮಾಸ್ತ ಆಲ್ಫೋನ್ಸ್ ಬೆರ್ಟಿಲಾನ್.

ವಯಸ್ಕನ ಮೂಳೆಗಳು ಮತ್ತೆ ಬೆಳೆಯುವುದಿಲ್ಲ ಎಂಬುದು ಅವನ ವಿಧಾನದ ಆಧಾರ. ನಿಂತ ಎತ್ತರ, ಕುಳಿತ ಎತ್ತರ, ಚಾಚಿದ ಎರಡು ತೋಳುಗಳ ಉದ್ದವಾದ ಮಾರು, ಎಡಗೈಯ ಮೊಳ, ತಲೆಯ ಉದ್ದಗಲ, ಬಲಗಿವಿ, ಎಡಪಾದ, ಎಡಗೈಯ ನಡುಬೆರಳು ಮತ್ತು ಕಿರುಬೆರಳು ಮುಂತಾದ ಹನ್ನೊಂದು ಅಳತೆಗಳನ್ನು ಮಿಲಿಮೀಟರುಗಳಲ್ಲಿ ತೆಗೆದು, ಅವುಗಳ ಕ್ರಮದಲ್ಲಿಯೇ ಚೀಟಿಗಳನ್ನು ಜೋಡಿಸಿಟ್ಟರೆ, ಹೆಸರಿನ ಹಂಗಿಲ್ಲದೆ ಹಳೆಯ ಅಪರಾಧಿಯನ್ನು ಹುಡುಕಬಹುದಾಗಿತ್ತು. 1883ರಲ್ಲಿ ಪ್ಯಾರಿಸ್ಸಿನಲ್ಲಿ ಈ ರೀತಿ ಮೊದಲ ಬಾರಿಗೆ ಒಬ್ಬನ ಗುರುತು ಹತ್ತಿತು. ಒಂದು ಅಳತೆ ಇಬ್ಬರಲ್ಲಿ ಹೊಂದುವ ಸಂಭವ ನಾಲ್ಕರಲ್ಲಿ ಒಂದೆಂದು ಹಿಡಿದರೆ, ಹನ್ನೊಂದೂ ಹೊಂದುವ ಸಂಭವ 41,94,304ರಲ್ಲಿ ಒಂದು ಎಂಬ ಲೆಕ್ಕ ಎಲ್ಲರನ್ನೂ ಒಪ್ಪಿಸಿತು. ಆದರೆ ಎತ್ತರದವನ ತೋಳು, ಪಾದಗಳೂ ಸಾಮಾನ್ಯವಾಗಿ ಉದ್ದವಾಗಿಯೇ ಇರುವುದರಿಂದ ಈ ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವುಗಳಲ್ಲ, ಆದ್ದರಿಂದ ಲೆಕ್ಕದ ಬುಡವೇ ಸಡಿಲ ಎಂದು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಕಂಡುಕೊಂಡನು. ಅಳೆಯುವವನ ಕೈ ಬದಲಾದರೆ ಅಂಕಿಯೂ ಬದಲಾಗುತ್ತಿದ್ದುದು ಇನ್ನೊಂದು ದೋಷ.

ಭಾರತದಲ್ಲಿ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ 1892ರಲ್ಲಿ ಮೈಯಳತೆಯನ್ನು ಜಾರಿಗೆ ತಂದನಾದರೂ, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ತನ್ನ ಕೈಕೆಳಗಿನ ಅಧಿಕಾರಿಗಳ ನೆರವಿನಿಂದ ಬೆರಳಚ್ಚುಗಳನ್ನು ವರ್ಗೀಕರಿಸುವ ಕ್ರಮ ಸಿದ್ಧವಾದ ಮೇಲೆ ಮೈಯಳತೆಯನ್ನು ತಾನೇ ಕೈಬಿಟ್ಟನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗ ತೆರೆಯಿತು. ಕೀರ್ತಿಯ ದೊಡ್ಡ ಪಾಲು ಹೆನ್ರಿಗೆ ಹೋದುದು ನ್ಯಾಯವಲ್ಲ.

ಕನ್ನಡಿಗರ ಪಾಲಿಗೆ ಈ ಚರಿತ್ರೆಯ ನೋವಿನ ಭಾಗ ಬೇರೆಯೇ ಇದೆ. ಬಳ್ಳಾರಿ, ಮಂಗಳೂರು, ಕಾಸರಗೋಡುಗಳನ್ನು ಒಳಗೊಂಡಿದ್ದ ಮದರಾಸು ಪ್ರಾಂತ್ಯದಲ್ಲಿ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಜಾತಿಗಳ ತಲೆ, ಮೂಗುಗಳನ್ನು ಅಳೆಯುತ್ತಿದ್ದುದಲ್ಲದೆ, ಆ ವಿದ್ಯೆಯನ್ನು ಪೊಲೀಸರಿಗೂ ಬೋಧಿಸಿದನು. ಇವನು ಯಾರು ಎಂದು ಕೇಳಬೇಕಾದ ಅಳತೆಕೋಲು ಇವನು ಯಾವ ಕುಲದವನು ಎಂದು ಕೇಳತೊಡಗಿದ್ದು ಘೋರ ತಪ್ಪು. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು, ಪಟ್ಟಿಗೆ ಸೇರಿಸಿದ ಸಮುದಾಯದವರ ಬೆರಳಚ್ಚನ್ನು ಅವರು ಯಾವ ಅಪರಾಧವನ್ನೂ ಮಾಡದಿದ್ದಾಗಲೂ ಪಡೆಯಲು ಅವಕಾಶ ಕೊಟ್ಟಿತು. ಮುಂಬಯಿ ಪ್ರಾಂತ್ಯದ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥವರಿಗಾಗಿಯೇ ಕಾವಲಿನ ವಸಾಹತುಗಳಿದ್ದು, ಹುಟ್ಟಿನಿಂದಲೇ ಕಳ್ಳರೆನಿಸಿಕೊಂಡ ಕುಟುಂಬಗಳು ಅಲ್ಲಿ ಹಾಜರಿ ಹಾಕಿ ಬದುಕಬೇಕಾಯಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತು; ಕಳಂಕ ಅಷ್ಟು ಬೇಗ ಅಳಿಯಲಿಲ್ಲ.

ಅಳತೆ ಎಂಬ ಪದ ಇಂದಿಗೂ ಕಾನೂನಿನಲ್ಲಿದೆ. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಸ್ಥಾನಕ್ಕೆ ಬಂದ 2022ರ ಕಾಯ್ದೆಯಲ್ಲಿ ಅದರ ಅರ್ಥ ಅಂಗೈ ಗುರುತು, ಕಣ್ಣಿನ ಪಾಪೆಯ ಸುತ್ತಲಿನ ವಿನ್ಯಾಸ, ಜೈವಿಕ ಮಾದರಿ, ಕೈಬರಹಗಳವರೆಗೆ ಹಿಗ್ಗಿದ್ದು, ದಾಖಲೆಗಳನ್ನು 75 ವರ್ಷ ಇಡಲು ಅವಕಾಶವಿದೆ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಗೊಂಡರೆ, ಕಾನೂನಿನ ಮೇಲ್ಮನವಿ ಮೊದಲಾದ ಹಂತಗಳು ಮುಗಿದ ಮೇಲೆ, ನ್ಯಾಯಾಲಯ ಬೇರೆ ರೀತಿ ಆದೇಶಿಸದ ಹೊರತು ಅವನ ದಾಖಲೆಯನ್ನು ನಾಶಪಡಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಖುಲಾಸೆಯಾದವರು ಈ ಹಕ್ಕನ್ನು ತಿಳಿದಿರಬೇಕು, ತಮ್ಮ ದಾಖಲೆ ನಾಶವಾಗಿದೆಯೇ ಎಂದು ಕೇಳಬೇಕು.