ಆಟದ ಕೋಣೆಯ ಬಣ್ಣ: ನಂಬಿಕೆ ಮತ್ತು ನಿಜಸ್ಥಿತಿ

ಮಕ್ಕಳ ಆಟದ ಕೋಣೆಗೆ ಬಣ್ಣ ಹಚ್ಚಿಸಲು ಹೊರಟ ಗೃಹಸ್ಥನಿಗೆ ಉಪದೇಶಕರ ಕೊರತೆ ಎಂದೂ ಆಗದು. ಹಳದಿ ಗೋಡೆಗಳ ನಡುವೆ ಕೂಸು ಹೆಚ್ಚು ಅಳುವುದೆಂದು ಒಬ್ಬರು, ಕೆಂಪು ಕಂಡರೆ ಮಕ್ಕಳು ರೊಚ್ಚಿಗೇಳುವರೆಂದು ಇನ್ನೊಬ್ಬರು, ನೀಲಿ ಬಳಿದರೆ ಎಂಥ ತುಂಟನೂ ಸೌಮ್ಯನಾಗುವನೆಂದು ಮತ್ತೊಬ್ಬರು. ಹೀಗೆ, ವೈದ್ಯನು ರೋಗಕ್ಕೊಂದು ಗುಳಿಗೆ ಬರೆದುಕೊಡುವಂತೆ, ಗುಣಕ್ಕೊಂದು ವರ್ಣವನ್ನು ವಿಧಿಸುವ ಈ ಶಾಸ್ತ್ರಕ್ಕೆ ಇರುವ ಪ್ರಚಾರದಷ್ಟು ಆಧಾರವಿಲ್ಲ. ಹಳದಿಯ ಮಾತಿಗಂತೂ ನಂಬತಕ್ಕ ಪ್ರಮಾಣವೇ ದೊರೆತಿಲ್ಲ.

ಗುಲಾಬಿಯ ವೃತ್ತಾಂತವು ಹೆಚ್ಚು ಬೋಧಪ್ರದವಾದುದು. 1979ರಲ್ಲಿ ಅಮೆರಿಕದ ಸಿಯಾಟಲ್ ನಗರದ ನೌಕಾಪಡೆಯ ಬಂದೀಖಾನೆಯಲ್ಲಿ, ಅಲೆಕ್ಸಾಂಡರ್ ಶಾಸ್ ಎಂಬ ಸಂಶೋಧಕನ ಸಲಹೆಯಂತೆ ಕೊಠಡಿಯೊಂದಕ್ಕೆ ಗುಲಾಬಿ ಬಣ್ಣ ಬಳಿಯಲಾಗಿ, ಕೈದಿಗಳ ಉದ್ರೇಕವು ತಗ್ಗಿತೆಂಬ ವಾರ್ತೆ ಹಬ್ಬಿತು. ಅಲ್ಲಿಯ ಇಬ್ಬರು ಅಧಿಕಾರಿಗಳ ಹೆಸರು ಕೂಡಿ ಅದಕ್ಕೆ ಬೇಕರ್-ಮಿಲ್ಲರ್ ಗುಲಾಬಿ ಎಂಬ ನಾಮಕರಣವೂ ಆಯಿತು. ಆದರೆ ಮುಂದೆ ಸ್ವಿಟ್ಜರ್ಲೆಂಡಿನ ಸೆರೆಮನೆಯೊಂದರಲ್ಲಿ ಅಂಥ ಕೊಠಡಿಯನ್ನು ಸಾಧಾರಣ ಕೊಠಡಿಯೊಡನೆ ಹೋಲಿಸಿ ನೋಡಿದವರಿಗೆ ಕೈದಿಗಳ ಆಕ್ರೋಶದಲ್ಲಿ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ಇದೇ ಗುಲಾಬಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪ್ರಿಯವೆಂಬುದೂ ನಿಲ್ಲುವ ಮಾತಲ್ಲ. ಏಳು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳ ಮುಂದೆ ಜೋಡಿ ವಸ್ತುಗಳನ್ನಿಟ್ಟು ಲೋಬ್ಯೂ ಮತ್ತು ಡೆಲೋಚ್ ಎಂಬ ವಿದುಷಿಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಲಾಬಿಯತ್ತ ಹೆಣ್ಣುಮಕ್ಕಳ ಒಲವು ತೋರಿದುದು ಎರಡು ವರ್ಷದ ಸುಮಾರಿಗೆ; ಗಂಡುಮಕ್ಕಳು ಅದನ್ನು ದೂರವಿಡತೊಡಗಿದುದು ಬೆಳೆಯುತ್ತ ಬಂದಂತೆ. ಸುತ್ತಲಿನವರು ಕಲಿಸಿದ ಪಾಠವನ್ನು ನಾವು ನಿಸರ್ಗದ ಲೆಕ್ಕಕ್ಕೆ ಬರೆಯುತ್ತಿರುವೆವು.

ಎಳೆಗೂಸಿಗೆ ತಿಳಿವರ್ಣವೇ ಹಿತವೆಂದು ತೊಟ್ಟಿಲ ಕೋಣೆಯನ್ನು ನಸುಬಣ್ಣದಲ್ಲಿ ಮುಳುಗಿಸುವುದುಂಟು. ನವಜಾತ ಶಿಶುವಿನ ವರ್ಣದೃಷ್ಟಿ ಇನ್ನೂ ಅಪಕ್ವವಾದುದರಿಂದ ಆ ನಸುಬಣ್ಣಗಳು ಅದಕ್ಕೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಅಲಂಕಾರವು ತಾಯಿತಂದೆಗಳ ಸಂತೋಷಕ್ಕೆಂದು ಒಪ್ಪಿಕೊಂಡರೆ ತಪ್ಪೇನೂ ಇಲ್ಲ.

ಹಾಗಾದರೆ ಬಣ್ಣಕ್ಕೆ ಪ್ರಭಾವವೇ ಇಲ್ಲವೆ? ಉಂಟು, ಆದರೆ ಕೆಂಪು, ನೀಲಿ ಎಂಬ ಹೆಸರಿಗಿಂತ ಅದರ ಗಾಢತೆಯೂ ಪ್ರಭೆಯೂ ಮನಸ್ಸನ್ನು ಹೆಚ್ಚಾಗಿ ತಟ್ಟುವುವೆಂದು ವಾಲ್ಡೆಜ್ ಮತ್ತು ಮೆಹ್ರಾಬಿಯನ್ 1994ರಲ್ಲಿಯೇ ತೋರಿಸಿದರು. ಕಣ್ಣು ಕುಕ್ಕುವ ನೀಲಿಗಿಂತ ಮಂದವಾದ ಕೆಂಪೇ ಶಾಂತವಾಗಿರಬಹುದು. ಗೋಡೆಯ ಮೇಲಿನ ಚಿತ್ರಸಂದಣಿಯೂ ಮುಖ್ಯ: ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದಂತೆ, ಚಿತ್ರಪಟಗಳಿಂದ ತುಂಬಿ ತುಳುಕುವ ಕೋಣೆಯಲ್ಲಿ ಪಾಠ ಕೇಳಿದ ಪುಟಾಣಿಗಳು ಪರೀಕ್ಷೆಯಲ್ಲಿ ನೂರಕ್ಕೆ 42ರಷ್ಟು ಸರಿಯುತ್ತರ ಕೊಟ್ಟರೆ, ಬರಿಗೋಡೆಯ ಕೋಣೆಯಲ್ಲಿ ಅದೇ ಮಕ್ಕಳು 55ರಷ್ಟು ಕೊಟ್ಟರು. ಆದರೆ ಪಾಠದ ನ್ಯಾಯವನ್ನು ಆಟಕ್ಕೆ ಹಾಗೆಯೇ ಅನ್ವಯಿಸಲಾಗದು. ಕುಣಿದಾಡುವೆಡೆ ಬಣ್ಣವು ಎಷ್ಟೇ ಉಜ್ಜ್ವಲವಾಗಿದ್ದರೂ ಇರಲಿ, ಕಥೆ ಓದುವ ಮೂಲೆಯನ್ನು ಮಾತ್ರ ಸರಳವಾಗಿಡುವುದು ಲೇಸೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಚರ್ಚೆಯ ನಡುವೆ ಯಾರೂ ಕೇಳದ ಪ್ರಶ್ನೆಯೊಂದುಂಟು: ಡಬ್ಬಿಯಲ್ಲಿರುವುದೇನು? ಹಳೆಯ ಎನಾಮಲ್ ಬಣ್ಣಗಳ ಹೊಳೆವ ಹಳದಿ ಕೆಂಪುಗಳಿಗೆ ಎಷ್ಟೋ ವೇಳೆ ಸೀಸದ ಕ್ರೋಮೇಟೇ ಮೂಲ. ಕಿಟಕಿಯ ಅಂಚಿನಿಂದ ಉದುರಿದ ಹುಡಿ ಕೈಗಂಟಿ, ಕೈ ಬಾಯಿಗೆ ಹೋಗಿ, ಬೆಳೆಯುವ ಮೆದುಳಿಗೆ ಹಾನಿಮಾಡುವುದು. ಭಾರತದಲ್ಲಿ 2017ರ ನವೆಂಬರ್ 1ರಿಂದ ಜಾರಿಗೆ ಬಂದ ನಿಯಮವು ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿದೆ. ಆದುದರಿಂದ ವಾಚಕರು ಡಬ್ಬಿಯ ಮೇಲೆ ಸೀಸದ ವಿವರವನ್ನು ಓದಿ ಕೊಳ್ಳಬೇಕು. ಹಳೆಯ ಬಣ್ಣವನ್ನು ಕೆರೆಸುವುದಾದರೆ ನೀರಿನಿಂದ ತೋಯಿಸಿಯೇ ಕೆರೆಸಿ, ಕೆಲಸ ಮುಗಿದು ನೆಲವನ್ನು ಒದ್ದೆಬಟ್ಟೆಯಿಂದ ಒರೆಸುವವರೆಗೂ ಮಕ್ಕಳನ್ನು ಒಳಗೆ ಬಿಡಬಾರದು.