ಎತ್ತರಿಸಿದ ಜೀಪಿನ ನಡುಕ: ಮೊದಲು ಸವೆದ ಭಾಗ ಹುಡುಕಿ, ಆಮೇಲೆ ಖರ್ಚು ಮಾಡಿ

ಮಂಡಲಪಟ್ಟಿಯ ಏರು, ಸಕಲೇಶಪುರದ ಎಸ್ಟೇಟ್ ರಸ್ತೆಗಳಂತಹ ಕಡೆಗೆ ವಾರಾಂತ್ಯದಲ್ಲಿ ಹೊರಡುವ ಫೋರ್ ವೀಲ್ ಡ್ರೈವ್ ವಾಹನಗಳ ನಡುವೆ ‘ಲಿಫ್ಟ್’ ಮಾಡಿಸಿದವು ಎದ್ದು ಕಾಣುತ್ತವೆ. ಕಾರ್ಖಾನೆಯ ಸ್ಪ್ರಿಂಗ್ ತೆಗೆದು, ಎರಡು ಇಂಚು ಎತ್ತರ ಕೊಡುವ ಸ್ಪ್ರಿಂಗ್ ಮತ್ತು ದೊಡ್ಡ ಟೈರ್ ಹಾಕಿಸಿದರೆ ಕಲ್ಲು, ಕೊರಕಲು ದಾಟುವುದು ಸುಲಭ, ನಿಜ. ಆದರೆ ಒಂದೆರಡು ಮಳೆಗಾಲ ಕಳೆದ ಮೇಲೆ ಇಂತಹ ಕೆಲವು ವಾಹನಗಳಲ್ಲಿ ಬೇರೊಂದು ಸಮಸ್ಯೆ ತಲೆದೋರುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 60-70 ಕಿ.ಮೀ. ವೇಗದಲ್ಲಿರುವಾಗ ಮುಂದಿನ ಚಕ್ರ ಸಣ್ಣದೊಂದು ಗುಂಡಿಗೆ ಬಿದ್ದರೂ ಸಾಕು, ಸ್ಟೀರಿಂಗ್ ಕೈಗೆ ನಿಲ್ಲದಂತೆ ಎಡಕ್ಕೂ ಬಲಕ್ಕೂ ಅದುರತೊಡಗುತ್ತದೆ. ವೇಗ ಇಳಿಯುವವರೆಗೂ ಆ ನಡುಕ ನಿಲ್ಲುವುದಿಲ್ಲ.

ಮುಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್‌ಗೆ ಜೋಡಿಸಿರುವ ಹಳೆಯ ಮಹೀಂದ್ರ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ ಹಾಗೂ 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿಯಂತಹ ವಾಹನಗಳಲ್ಲಿ ಈ ತೊಂದರೆಯ ಸಾಧ್ಯತೆ ಹೆಚ್ಚು. ಹೀಗಾದಾಗ ಮಾಲೀಕರು ಮೊದಲು ಓಡುವುದು ವೀಲ್ ಬ್ಯಾಲೆನ್ಸಿಂಗ್‌ಗೆ. ಅದರಿಂದ ಪ್ರಯೋಜನವಾಗದಿದ್ದರೆ ಹೊಸ ಸ್ಟೀರಿಂಗ್ ಡ್ಯಾಂಪರ್‌ಗೆ. ಹೊಸ ಡ್ಯಾಂಪರ್ ನಡುಕವನ್ನು ಕೆಲವು ತಿಂಗಳು ಅಡಗಿಸಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಅಷ್ಟರಲ್ಲಿ ಒಳಗೆ ಸವೆದ ಭಾಗ ಇನ್ನಷ್ಟು ಸವೆದಿರುತ್ತದೆ.

ಎತ್ತರಿಸಿದಾಗ ಆಗುವುದೇನು?

ಜಿಮ್ನಿಯಂತಹ ಕಾಯಿಲ್ ಸ್ಪ್ರಿಂಗ್ ವಾಹನದಲ್ಲಿ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುವುದು ಪ್ಯಾನ್‌ಹಾರ್ಡ್ ರಾಡ್ ಎಂಬ ಅಡ್ಡ ಸರಳು. ಅದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್‌ಗೆ. ವಾಹನವನ್ನು ಎತ್ತರಿಸಿದಾಗ ಈ ಸರಳು ಹೆಚ್ಚು ಓರೆಯಾಗುತ್ತದೆ. ಉದ್ದ ಬದಲಾಗದ ಕಾರಣ ಆಕ್ಸಲ್ಲನ್ನೇ ಚಾಸಿಯ ತುದಿಯಿರುವ ಪಕ್ಕಕ್ಕೆ ಎಳೆಯುತ್ತದೆ. ಆಕ್ಸಲ್ಲನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯುವ ತೋಳುಗಳೂ ಕೆಳಕ್ಕೆ ವಾಲುತ್ತವೆ. ಪರಿಣಾಮವಾಗಿ ‘ಕ್ಯಾಸ್ಟರ್’ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದರಿಂದಲೇ ಚಕ್ರ ತಾನಾಗಿ ನೇರಕ್ಕೆ ಮರಳುತ್ತದಲ್ಲವೇ, ಕ್ಯಾಸ್ಟರ್ ಎಂದರೆ ಆ ಓರೆಯೇ. ಇದೆಲ್ಲದರ ಜೊತೆಗೆ ಪ್ರತಿ ಕೀಲಿನ ರಬ್ಬರ್ ಬುಷ್ ವಾಹನ ಸುಮ್ಮನೆ ನಿಂತಿರುವಾಗಲೂ ತಿರುಚಿಕೊಂಡೇ ಇರುತ್ತದೆ. ದೊಡ್ಡ ಟೈರಿನ ಭಾರವೂ ಸೇರಿದರೆ ಅದರ ಆಯಸ್ಸು ಮೊಟಕಾಗುವುದರಲ್ಲಿ ಆಶ್ಚರ್ಯವಿಲ್ಲ.

ಪತ್ತೆ ಹಚ್ಚುವ ಬಗೆ

ಮೊದಲ ಪರೀಕ್ಷೆಗೆ ಜ್ಯಾಕ್ ಬೇಡ. ಕೆಸರು ತೊಳೆದ ವಾಹನವನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ತಡೆ ಕೊಡಬೇಕು. ಒಬ್ಬರು ಎಂಜಿನ್ ಚಾಲೂ ಇಟ್ಟು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನ ಕೀಲುಗಳನ್ನು ಗಮನಿಸಬೇಕು. ಪ್ಯಾನ್‌ಹಾರ್ಡ್ ರಾಡಿನ ಎರಡು ತುದಿ, ಟೈ ರಾಡ್, ಡ್ರ್ಯಾಗ್ ಲಿಂಕ್, ಸ್ಟೀರಿಂಗ್ ಬಾಕ್ಸಿನ ಬೋಲ್ಟ್‌ಗಳು ಮುಖ್ಯ. ಜೋಡಿಸಿರುವ ಎರಡು ಭಾಗಗಳ ನಡುವೆ ‘ಟಕ್’ ಎಂಬ ಸಡಿಲ ಚಲನೆ ಕಂಡರೆ ದೋಷ ಅಲ್ಲಿದೆ. ಬುಷ್ ಹೊಸದಾಗಿದ್ದರೂ ಬೋಲ್ಟಿನ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿರುವ ಉದಾಹರಣೆಗಳುಂಟು. ಬುಷ್ ಬದಲಿಸಿಯೂ ನಡುಕ ಹೋಗದ ವಾಹನಗಳಲ್ಲಿ ಇದನ್ನು ನೋಡಲೇಬೇಕು.

ಎರಡನೆಯ ಪರೀಕ್ಷೆ ಚಕ್ರ ಎತ್ತಿ ಮಾಡುವಂಥದ್ದು. ಕೇವಲ ಜ್ಯಾಕನ್ನು ನಂಬಿ ಯಾರೂ ಕೆಳಗೆ ಹೋಗಕೂಡದು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್ ಬೇರಿಂಗ್ ಮೇಲೆ ಅನುಮಾನ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಸುಲಭ ಉಪಾಯವಿದೆ: ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸುವುದು. ಸಡಿಲ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್‌ಪಿನ್. ಜಿಪ್ಸಿ, ಜಿಮ್ನಿಗಳಲ್ಲಿ ನಡುಕಕ್ಕೆ ಕಿಂಗ್‌ಪಿನ್ ಬೇರಿಂಗ್ ಕಾರಣವಾಗಿರುವುದುಂಟು, ಆದರೂ ಅದರತ್ತ ಗಮನ ಹೋಗುವುದು ತಡವಾಗಿಯೇ. ಟೈರನ್ನು ಎಡಬಲ ಹಿಡಿದಾಗ ಮಾತ್ರ ಸಡಿಲವಿದ್ದರೆ ಟೈ ರಾಡ್ ತುದಿಗಳನ್ನು ನೋಡಬೇಕು. 2020ರ ಥಾರ್‌ನಲ್ಲಿ ಮುಂದಿನ ಚಕ್ರಗಳು ಸ್ವತಂತ್ರವಾದ ಕಾರಣ ಜ್ಯಾಕನ್ನು ಕೆಳಗಿನ ತೋಳಿಗೆ ಕೊಟ್ಟು ಬಾಲ್ ಜಾಯಿಂಟ್ ಪರೀಕ್ಷಿಸಬೇಕು. ಎತ್ತರಿಸಿದ ಥಾರ್‌ನಲ್ಲಿ ಮೇಲಿನ ಬಾಲ್ ಜಾಯಿಂಟ್ ಮತ್ತು ಡ್ರೈವ್ ಶಾಫ್ಟಿನ ರಬ್ಬರ್ ಬೂಟ್‌ಗೆ ಒತ್ತಡ ಹೆಚ್ಚು.

ಜೀಪು, ಜಿಪ್ಸಿಗಳಲ್ಲಿ ಲೀಫ್ ಸ್ಪ್ರಿಂಗಿನ ಕಣ್ಣಿನಲ್ಲಿರುವ ಬುಷ್, ಶ್ಯಾಕಲ್ ಬೋಲ್ಟ್ ಹಾಗೂ ಯು ಬೋಲ್ಟಿನ ಬಳಿ ಪಟ್ಟಿಯಲ್ಲಿ ಬಿರುಕು ಇದೆಯೇ ಎಂದು ನೋಡಬೇಕು. ನಡುವಿನ ಬೋಲ್ಟ್ ತುಂಡಾಗಿದ್ದರೆ ಒಂದು ಪಕ್ಕದ ಆಕ್ಸಲ್ ಹಿಂದಕ್ಕೆ ಸರಿದಿರುತ್ತದೆ, ಎರಡೂ ಪಕ್ಕ ಅಳತೆಪಟ್ಟಿ ಹಿಡಿದರೆ ಗೊತ್ತಾಗುತ್ತದೆ. ಶಾಕ್ ಅಬ್ಸಾರ್ಬರ್ ಪರೀಕ್ಷಿಸಲು ಬಾನೆಟ್ ಒತ್ತಿ ಬಿಡುವ ವಾಡಿಕೆ ಗಟ್ಟಿ ಸ್ಪ್ರಿಂಗಿನ ವಾಹನದಲ್ಲಿ ಏನನ್ನೂ ಹೇಳುವುದಿಲ್ಲ. ತೇವ ಎಣ್ಣೆ ಸುರಿದ ಗುರುತೇ ಸಾಕ್ಷಿ. ಒರಟು ರಸ್ತೆಯಲ್ಲಿ ಓಡಿಸಿ ನಿಲ್ಲಿಸಿದಾಗ ಮೂರು ಬಿಸಿಯಾಗಿದ್ದು ಒಂದು ತಣ್ಣಗಿದ್ದರೆ ಆ ಒಂದು ಕೆಲಸ ಮಾಡುತ್ತಿಲ್ಲ ಎಂದರ್ಥ.

ಬದಲಿಸುವಾಗ

ಗ್ಯಾರೇಜುಗಳಲ್ಲಿ ಕಾಣುವ ದೊಡ್ಡ ತಪ್ಪು ಒಂದೇ. ಹೊಸ ರಬ್ಬರ್ ಬುಷ್ ಹಾಕಿ, ವಾಹನ ಇನ್ನೂ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬಹುಬೇಗ ಹರಿಯುತ್ತದೆ. ದೂಷಣೆ ಮಾತ್ರ ಬಿಡಿಭಾಗಕ್ಕೆ! ಬೋಲ್ಟ್ ಸಡಿಲವಾಗಿ ಹಾಕಿ, ವಾಹನವನ್ನು ಚಕ್ರದ ಮೇಲೆ ನಿಲ್ಲಿಸಿ, ಬಳಿಕ ಟಾರ್ಕ್ ರೆಂಚ್‌ನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಪಾಲಿಯುರಿಥೇನ್ ಬುಷ್‌ಗೆ ಈ ತೊಂದರೆಯಿಲ್ಲ, ಆದರೆ ಅದಕ್ಕೆ ಗ್ರೀಸ್ ಬೇಕು. ಜೊತೆಗೆ ಗಡಸು ಸವಾರಿಗೂ ಸಿದ್ಧರಿರಬೇಕು. ಶಾಕ್ ಅಬ್ಸಾರ್ಬರ್, ಸ್ಪ್ರಿಂಗುಗಳನ್ನು ಜೋಡಿಯಾಗಿಯೇ ಬದಲಿಸುವುದು ಸರಿ. ಬಿಚ್ಚಿದ ಯು ಬೋಲ್ಟನ್ನು ಮತ್ತೆ ಬಳಸುವ ಉಳಿತಾಯ ಬೇಡ.

ಬುಷ್ ಹೊಸದಾದರೂ ಕ್ಯಾಸ್ಟರ್ ಮತ್ತು ಆಕ್ಸಲಿನ ಸ್ಥಾನ ಸರಿಹೋಗುವುದಿಲ್ಲ. ಅದಕ್ಕೆ ಕ್ಯಾಸ್ಟರ್ ಸರಿಪಡಿಸುವ ಬುಷ್ ಹಾಗೂ ಉದ್ದ ಹೊಂದಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಬೇಕಾಗುತ್ತದೆ. ಆನಂತರ ಅಲೈನ್‌ಮೆಂಟ್. ಚಕ್ರ ಪೂರ್ತಿ ಇಳಿಬಿದ್ದಾಗ, ಸ್ಟೀರಿಂಗ್ ಪೂರ್ತಿ ತಿರುಗಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯುತ್ತಿಲ್ಲವೇ ಎಂದು ನೋಡದೆ ವಾಹನ ಹೊರಗೆ ತರಬಾರದು. ಘಾಟಿಯ ಇಳಿಜಾರಿನಲ್ಲಿ ಹೋಸ್ ಕಿತ್ತರೆ ಉಳಿದ ದುರಸ್ತಿಯೆಲ್ಲ ವ್ಯರ್ಥ. ಹೆಡ್‌ಲೈಟ್ ತಗ್ಗಿಸುವುದನ್ನೂ ಮರೆಯುವಂತಿಲ್ಲ, ಎದುರು ಬರುವವರ ಕಣ್ಣಿಗಾಗಿ.

ದುರಸ್ತಿಗೆ ಮೊದಲೇ ದಾರಿಯಲ್ಲಿ ನಡುಕ ಶುರುವಾದರೆ? ಆಕ್ಸಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು ನಿಧಾನವಾಗಿ ವೇಗ ಇಳಿಸಬೇಕು, ಬ್ರೇಕ್ ಮೇಲೆ ಜೋರಾಗಿ ನಿಲ್ಲಬಾರದು.

ಕಾನೂನಿನ ಮಾತೂ ಇದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ಬುಷ್, ಶಾಕ್ ಅಬ್ಸಾರ್ಬರ್ ಬದಲಿಸಲು ಹೇಗೂ ಎಲ್ಲವನ್ನೂ ಬಿಚ್ಚಿರುವುದರಿಂದ, ಕಾರ್ಖಾನೆಯ ಹಳೆಯ ಸ್ಪ್ರಿಂಗುಗಳನ್ನು ಎತ್ತಿಟ್ಟವರಿಗೆ ಮೂಲ ಎತ್ತರಕ್ಕೆ ಮರಳಲು ಅಗ್ಗದ ಸಮಯವೂ ಅದೇ.